ಪಾನನಿರೋಧವೂ ಮನೆಯ ಹೊಸ್ತಿಲೂ: ‘ದಿ ಪಬ್ಲಿಕ್ ಎನಿಮಿ’ ಎಂಬ ವಾಕ್ಚಿತ್ರದ ತಾತ್ಪರ್ಯನಿರ್ಣಯ

೧. ವಿಷಯವೂ ಸಂಶಯವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೨೦ರಿಂದ ೧೯೩೩ರವರೆಗೆ ಜಾರಿಯಲ್ಲಿದ್ದ ಪಾನನಿರೋಧ ಶಾಸನದ ಚರಿತ್ರೆಯನ್ನು ಬರೆಯುವವರು ಆ ಕಾಲದ ವಾಕ್ಚಿತ್ರಗಳನ್ನು ಹೆಸರಿಸುವುದುಂಟು. ಆದರೆ ಹೆಸರಿಸುವುದು ಬೇರೆ, ಪ್ರಮಾಣವೆಂದು ಪರೀಕ್ಷಿಸುವುದು ಬೇರೆ. ಶಾಸನದ ಪಾಠವನ್ನೂ ನ್ಯಾಯಾಲಯದ ದಾಖಲೆಗಳನ್ನೂ ಅಕ್ಷರಕ್ಷರವಾಗಿ ನೋಡುವ ಚರಿತ್ರಕಾರನು ಚಲಚ್ಚಿತ್ರದ ಬಳಿಗೆ ಬಂದೊಡನೆ, ಇದು ಜನರ ವಿನೋದಕ್ಕಾಗಿ ಕಟ್ಟಿದ ಕತೆಯೆಂದು ಒಂದು ಮಾತಿನಲ್ಲಿ ಮುಗಿಸಿಬಿಡುವನು. ಕಾವ್ಯನಾಟಕಗಳಿಂದ ಒಂದು ಕಾಲದ ಆಚಾರವಿಚಾರಗಳನ್ನು ತಿಳಿಯುವುದು ನಮ್ಮ ವಿದ್ವಾಂಸರಿಗೆ ಹೊಸದಲ್ಲ. ಹಾಗಿರುವಲ್ಲಿ ವಾಕ್ಚಿತ್ರಕ್ಕೆ ಮಾತ್ರ ಆ ಮರ್ಯಾದೆಯನ್ನು ಏಕೆ ತಪ್ಪಿಸಬೇಕು ಎಂಬುದು ನನಗೆ ಬಹುಕಾಲದಿಂದ ಇದ್ದ ಪ್ರಶ್ನೆ.

ಪ್ರಕೃತ ಲೇಖನಕ್ಕೆ ಆರಿಸಿಕೊಂಡಿರುವುದು ೧೯೩೧ರ ಏಪ್ರಿಲ್ ತಿಂಗಳಲ್ಲಿ ವಾರ್ನರ್ ಸಹೋದರರ ಸಂಸ್ಥೆಯವರು ಹೊರತಂದ ‘ದಿ ಪಬ್ಲಿಕ್ ಎನಿಮಿ’, ಅಂದರೆ ‘ಲೋಕಶತ್ರು’ ಎಂಬ ಚಿತ್ರ. ನಿರ್ದೇಶಕನು ವಿಲಿಯಮ್ ವೆಲ್‌ಮನ್. ಮುಖ್ಯಪಾತ್ರವನ್ನು ವಹಿಸಿದವನು ಜೇಮ್ಸ್ ಕ್ಯಾಗ್ನಿ. ಷಿಕಾಗೋ ನಗರದ ಬಡಕೇರಿಯಲ್ಲಿ ಹುಟ್ಟಿದ ಟಾಮ್ ಪವರ್ಸ್ ಎಂಬ ಹುಡುಗನು ಚಿಲ್ಲರೆ ಕಳ್ಳತನದಿಂದ ಮೊದಲಾಗಿ, ಮದ್ಯದ ಕಳ್ಳಸಾಗಣೆಯಿಂದ ಹಣವಂತನಾಗಿ, ಕಡೆಗೆ ಎದುರು ಗುಂಪಿನವರ ಕೈಯಲ್ಲಿ ಸತ್ತುಹೋಗುವುದು ಇದರ ಕಥೆ.

ಈ ಚಿತ್ರದ ತಾತ್ಪರ್ಯವೇನೆಂಬುದೇ ಸಂಶಯ. ಚಿತ್ರದ ಮೊದಲಿನಲ್ಲಿಯೂ ಕಡೆಯಲ್ಲಿಯೂ ಬರಹದ ಹಲಗೆಗಳಿವೆ. ದುಷ್ಟರನ್ನು ಕೊಂಡಾಡುವುದು ಕರ್ತೃಗಳ ಉದ್ದೇಶವಲ್ಲ, ದೇಶದ ಒಂದು ವರ್ಗದಲ್ಲಿ ಇರುವ ಸ್ಥಿತಿಯನ್ನು ಪ್ರಾಮಾಣಿಕವಾಗಿ ತೋರಿಸುವುದಷ್ಟೇ ಉದ್ದೇಶವೆಂದು ಮೊದಲಿನ ಹಲಗೆ ಹೇಳುವುದು. ಟಾಮ್ ಪವರ್ಸನ ಅಂತ್ಯವೇ ಇಂಥವರೆಲ್ಲರ ಅಂತ್ಯ, ಲೋಕಶತ್ರುವೆಂಬುದು ಒಬ್ಬ ಮನುಷ್ಯನಲ್ಲ, ಜನರೇ ಬಿಡಿಸಬೇಕಾದ ಸಮಸ್ಯೆಯೆಂದು ಕಡೆಯ ಹಲಗೆ ಹೇಳುವುದು. ಈ ಹಲಗೆಗಳನ್ನು ನಂಬಿದರೆ ಇದು ಒಂದು ನೀತಿಕಥೆ. ನಂಬದವರು ಇದನ್ನು ಕೇವಲ ಸಾಹಸದ ಆಟವೆನ್ನುವರು. ಎರಡು ಪಕ್ಷವೂ ಅಪೂರ್ಣವೆಂಬುದು ನನ್ನ ಅಭಿಪ್ರಾಯ. ಒಂದು ಗ್ರಂಥದ ತಾತ್ಪರ್ಯವನ್ನು ನಿಶ್ಚಯಿಸಲು ನಮ್ಮ ಪೂರ್ವಿಕರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಿರುವರು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನಗೆ ಚಲಚ್ಚಿತ್ರದ ವಿಮರ್ಶಾಶಾಸ್ತ್ರದಲ್ಲಿ ವಿಶೇಷ ಅಧಿಕಾರವಿಲ್ಲ. ಕೈಗೆ ಸಿಕ್ಕಿರುವ ಈ ಅಳತೆಗೋಲಿನಿಂದಲೇ ಅಳೆದು ನೋಡಿದ್ದೇನೆ.

೨. ಶಾಸನದ ಸ್ವರೂಪ

ಚಿತ್ರವನ್ನು ಪ್ರವೇಶಿಸುವುದಕ್ಕೆ ಮೊದಲು ಶಾಸನವನ್ನು ತಿಳಿಯಬೇಕು. ಅಮೆರಿಕದ ಪಾನನಿರೋಧ ಚಳವಳಿಯು ಮನೆಯ ಹೆಸರಿನಲ್ಲಿ ಹುಟ್ಟಿತೆಂಬ ಸಂಗತಿಯು ಇಲ್ಲಿ ಮುಖ್ಯವಾದುದು. ೧೮೭೪ರಲ್ಲಿ ಸ್ಥಾಪಿತವಾದ ಕ್ರೈಸ್ತ ಮಹಿಳೆಯರ ಮದ್ಯವಿರೋಧೀ ಸಂಘವನ್ನು ಮುಂದೆ ಬಹುಕಾಲ ನಡೆಸಿದ ಫ್ರಾನ್ಸಿಸ್ ವಿಲ್ಲರ್ಡ್ ಎಂಬಾಕೆಯು ‘ಗೃಹರಕ್ಷಣೆ’ ಎಂಬುದನ್ನೇ ತನ್ನ ಘೋಷಣೆಯನ್ನಾಗಿ ಮಾಡಿಕೊಂಡಿದ್ದಳು. ಗಂಡನು ವಾರದ ಕೂಲಿಯನ್ನು ಪಾನಗೃಹದಲ್ಲಿ ಕಳೆದು ಬರಿಗೈಯಲ್ಲಿ ಮನೆಗೆ ಬಂದರೆ ಹೆಂಡತಿ ಮಕ್ಕಳ ಗತಿಯೇನು ಎಂಬುದೇ ಆ ಸ್ತ್ರೀಯರ ವಾದದ ತಿರುಳು. ೧೮೯೩ರಲ್ಲಿ ಓಹಾಯೋ ಸಂಸ್ಥಾನದ ಓಬರ್ಲಿನ್ನಿನಲ್ಲಿ ಹುಟ್ಟಿದ ಪಾನಗೃಹವಿರೋಧೀ ಕೂಟವು ಈ ಅಳಲನ್ನು ರಾಜಕೀಯ ಬಲವನ್ನಾಗಿ ಮಾರ್ಪಡಿಸಿತು. ೧೯೧೩ರಲ್ಲಿ ಆದಾಯದ ತೆರಿಗೆಗೆ ಸಂವಿಧಾನದ ಸಮ್ಮತಿ ದೊರೆತುದರಿಂದ ಸರ್ಕಾರವು ಮದ್ಯದ ಸುಂಕವನ್ನೇ ನಂಬಿರಬೇಕಾದ ಅವಶ್ಯಕತೆ ಕಡಿಮೆಯಾಯಿತು. ೧೯೧೭ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಹೂಡಿದಾಗ, ಬಿಯರ್ ಕಾರ್ಖಾನೆಗಳ ಒಡೆಯರಲ್ಲಿ ಅನೇಕರು ಜರ್ಮನ್ ವಂಶದವರೆಂಬುದೂ ಚಳವಳಿಗೆ ಅನುಕೂಲವೇ ಆಯಿತು.

ಸಂವಿಧಾನದ ೧೮ನೆಯ ತಿದ್ದುಪಡಿಯು ೧೯೧೯ರ ಜನವರಿ ೧೬ರಂದು ಸ್ಥಿರಪಟ್ಟು, ಒಂದು ವರ್ಷದ ಅವಧಿ ಕಳೆದು, ೧೯೨೦ರ ಜನವರಿ ೧೭ರಿಂದ ಆಚರಣೆಗೆ ಬಂದಿತು. ಅದನ್ನು ನಡೆಸಲು ೧೯೧೯ರ ಅಕ್ಟೋಬರ್ ೨೮ರಂದು ಅಧ್ಯಕ್ಷ ವಿಲ್ಸನ್ನನ ನಿಷೇಧವನ್ನು ಮೀರಿ ವೋಲ್‌ಸ್ಟೆಡ್ ಶಾಸನವನ್ನು ಮಾಡಿದರು. ನೂರಕ್ಕೆ ಅರ್ಧಭಾಗಕ್ಕಿಂತ ಹೆಚ್ಚು ಮದ್ಯಸಾರವುಳ್ಳ ಪಾನೀಯವು ಮಾದಕವೆಂದು ಅದು ಗೊತ್ತುಪಡಿಸಿತು.

ಈ ಶಾಸನದಲ್ಲಿ ಒಂದು ಸೂಕ್ಷ್ಮವಿದೆ. ತಿದ್ದುಪಡಿಯು ನಿಷೇಧಿಸಿದ್ದು ಮಾದಕಪಾನೀಯಗಳ ತಯಾರಿಕೆ, ಮಾರಾಟ, ಸಾಗಣೆ, ಆಮದು, ರಫ್ತುಗಳನ್ನು, ಕುಡಿಯುವುದನ್ನಲ್ಲ. ಅಷ್ಟೇ ಅಲ್ಲದೆ, ನ್ಯಾಯವಾಗಿ ಸಂಪಾದಿಸಿದ ಮದ್ಯವನ್ನು ಗೃಹಸ್ಥನು ತನ್ನ ವಾಸದ ಮನೆಯಲ್ಲಿ ತನಗೂ ತನ್ನ ಕುಟುಂಬಕ್ಕೂ ನಿಜವಾದ ಅತಿಥಿಗಳಿಗೂ ಇಟ್ಟುಕೊಳ್ಳಬಹುದೆಂದು ವೋಲ್‌ಸ್ಟೆಡ್ ಶಾಸನವೇ ಒಪ್ಪಿದ್ದಿತು. ಅಂದರೆ, ಮನೆಯನ್ನು ಕಾಯುವುದಕ್ಕಾಗಿ ಹುಟ್ಟಿದ ಕಟ್ಟಳೆಯು ಮನೆಯ ಹೊಸ್ತಿಲಿನಲ್ಲಿ ನಿಂತುಬಿಟ್ಟಿತು. ಬೀದಿಯಲ್ಲಿ ಅಪರಾಧವಾದ ಪೀಪಾಯಿಯು ಊಟದ ಮೇಜನ್ನು ಸೇರಿದ ಮೇಲೆ ಏನಾಗುವುದು? ಶಾಸನವು ಸ್ಪಷ್ಟವಾಗಿ ಕೇಳಿಕೊಳ್ಳದ ಈ ಪ್ರಶ್ನೆಯನ್ನು ನಮ್ಮ ಚಿತ್ರವು ಕೇಳಿತೆಂಬುದನ್ನು ಮುಂದೆ ತೋರಿಸುತ್ತೇನೆ.

೩. ಚಿತ್ರದ ಉತ್ಪತ್ತಿಯೂ ಪಾಠವೂ

ಚಿತ್ರಕ್ಕೆ ಮೂಲ, ಕೂಬೆಕ್ ಗ್ಲಾಸ್ಮನ್ ಮತ್ತು ಜಾನ್ ಬ್ರೈಟ್ ಎಂಬ ಇಬ್ಬರು ಬರೆದು ಅಚ್ಚಾಗದೆ ಉಳಿದಿದ್ದ ‘ಬಿಯರೂ ರಕ್ತವೂ’ ಎಂಬ ಅರ್ಥದ ಹೆಸರಿನ ಕಾದಂಬರಿ. ಇಬ್ಬರೂ ಷಿಕಾಗೋದಿಂದ ಬಂದವರು. ಗ್ಲಾಸ್ಮನ್ನನು ಅಲ್ಲಿ ಔಷಧದಂಗಡಿಯನ್ನು ನಡೆಸಿದ್ದವನು. ವೈದ್ಯನ ಚೀಟಿಯಿದ್ದರೆ ಔಷಧದಂಗಡಿಯಲ್ಲಿ ವಿಸ್ಕಿಯನ್ನು ಕೊಡಬಹುದೆಂದು ಶಾಸನವು ಅನುಮತಿಸಿದ್ದ ಕಾಲ ಅದು. ಆದುದರಿಂದ ಅವನು ಕಟ್ಟಳೆಯ ಒಳಹೊರಗುಗಳನ್ನು ಕಣ್ಣಾರೆ ಕಾಣಬಲ್ಲ ಸ್ಥಾನದಲ್ಲಿದ್ದನು. ಚಿತ್ರಕಥೆಯನ್ನು ರೂಪಿಸಿದವನು ಹಾರ್ವೆ ತ್ಯೂ. ಕಥೆಗಾಗಿ ಗ್ಲಾಸ್ಮನ್ ಮತ್ತು ಬ್ರೈಟರ ಹೆಸರು ಅಕ್ಯಾಡೆಮಿ ಪಾರಿತೋಷಕದ ಪರಿಗಣನೆಗೆ ಬಂದಿದ್ದಿತು.

‘ಲೋಕಶತ್ರು’ ಎಂಬ ಹೆಸರು ಕವಿಕಲ್ಪಿತವಲ್ಲ. ಷಿಕಾಗೋ ನಗರದ ಅಪರಾಧ ನಿವಾರಣಾ ಸಮಿತಿಯು ೧೯೩೦ರ ಏಪ್ರಿಲಿನಲ್ಲಿ ಫ್ರಾಂಕ್ ಲೋಷ್ ಎಂಬವನ ಅಧ್ಯಕ್ಷತೆಯಲ್ಲಿ ೨೮ ಮಂದಿಯ ಪಟ್ಟಿಯೊಂದನ್ನು ಪ್ರಕಟಿಸಿ, ಅವರನ್ನು ಲೋಕಶತ್ರುಗಳೆಂದು ಕರೆಯಿತು. ಪಟ್ಟಿಯ ಮೊದಲನೆಯ ಹೆಸರು ಆಲ್ ಕಪೋನನದು. ಅವನಿಗೆ ೧೯೩೧ರ ಅಕ್ಟೋಬರಿನಲ್ಲಿ ಶಿಕ್ಷೆಯಾದದ್ದು ಮದ್ಯಕ್ಕಾಗಿಯಾಗಲಿ ಕೊಲೆಗಾಗಿಯಾಗಲಿ ಅಲ್ಲ, ಆದಾಯದ ತೆರಿಗೆಯನ್ನು ತಪ್ಪಿಸಿದ್ದಕ್ಕಾಗಿ. ಚಿತ್ರವು ಹೊರಬಂದದ್ದು ಈ ಎರಡು ಘಟನೆಗಳ ನಡುವೆ.

ಪಾಠವಿಚಾರದಲ್ಲಿ ಎರಡು ಮಾತು. ಮೊದಲು ಟಾಮನ ಪಾತ್ರವು ಎಡ್ವರ್ಡ್ ವುಡ್ಸ್ ಎಂಬವನಿಗೂ, ಗೆಳೆಯ ಮ್ಯಾಟ್ ಡಾಯ್ಲನ ಪಾತ್ರವು ಕ್ಯಾಗ್ನಿಗೂ ನೇಮಕವಾಗಿದ್ದುವು. ಚಿತ್ರಗ್ರಹಣವು ಮೊದಲಾದ ಮೇಲೆ ಅದಲುಬದಲು ಮಾಡಿದರು. ಆದರೆ ಬಾಲ್ಯದ ದೃಶ್ಯಗಳಲ್ಲಿ ಬಾಲನಟರು ಹಳೆಯ ಹಂಚಿಕೆಯಂತೆಯೇ ಉಳಿದರು. ಆದುದರಿಂದ ಚಿಕ್ಕ ಮ್ಯಾಟನೇ ಕ್ಯಾಗ್ನಿಯನ್ನು ಹೆಚ್ಚಾಗಿ ಹೋಲುವನು. ಹಸ್ತಪ್ರತಿಗಳಲ್ಲಿ ಹಳೆಯ ಪಾಠದ ಗುರುತು ಉಳಿದಿರುವುದನ್ನು ಕಂಡಿರುವವರಿಗೆ ಇದು ಆಶ್ಚರ್ಯವಲ್ಲ. ಎರಡನೆಯದಾಗಿ, ೧೯೩೦ರಲ್ಲಿ ಹಾಲಿವುಡ್ಡಿನವರು ತಾವೇ ಒಪ್ಪಿಕೊಂಡ ನಿರ್ಮಾಣನಿಯಮಾವಳಿಯು ೧೯೩೪ರಿಂದ ಬಿಗಿಯಾಗಿ ಆಚರಣೆಗೆ ಬಂದಿತು. ಆಮೇಲೆ ಈ ಚಿತ್ರವನ್ನು ಮರಳಿ ಪ್ರದರ್ಶಿಸಬೇಕಾದಾಗ ಕೆಲವು ಭಾಗಗಳನ್ನು ಕತ್ತರಿಸಿದರು. ಬಹುಕಾಲದ ಅನಂತರ ಅವುಗಳನ್ನು ಪುನಃ ಸೇರಿಸಿರುವರು. ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ೧೯೯೮ರಲ್ಲಿ ಇದನ್ನು ಸೇರಿಸಿದರು.

೪. ಉಪಕ್ರಮೋಪಸಂಹಾರಗಳು

ಬರಹದ ಹಲಗೆಗಳನ್ನು ಸದ್ಯಕ್ಕೆ ಬದಿಗಿಟ್ಟು ದೃಶ್ಯಗಳನ್ನೇ ನೋಡೋಣ. ಚಿತ್ರವು ೧೯೦೯ರ ಷಿಕಾಗೋದಿಂದ ಮೊದಲಾಗುವುದು. ಜನನಿಬಿಡವಾದ ಬೀದಿ, ದನಗಳ ದೊಡ್ಡಿ, ಕಾರ್ಖಾನೆ. ಅವುಗಳ ನಡುವೆ ಒಬ್ಬನು ಉದ್ದನೆಯ ಕೋಲಿಗೆ ಬಿಯರಿನ ತಂಬಿಗೆಗಳನ್ನು ಸಾಲಾಗಿ ತೂಗುಹಾಕಿಕೊಂಡು ಬೀದಿಯನ್ನು ದಾಟುತ್ತಿರುವನು. ಹುಡುಗರಾದ ಟಾಮ್ ಮತ್ತು ಮ್ಯಾಟರೂ ಬಿಯರಿನ ಪಾತ್ರೆಯೊಡನೆ ಕಾಣಿಸಿಕೊಳ್ಳುವರು. ಆಗ ಮದ್ಯವು ನಿಷಿದ್ಧವಾಗಿರಲಿಲ್ಲ. ಪಾನಗೃಹದಿಂದ ಮನೆಗೆ ಪಾತ್ರೆಯಲ್ಲಿ ಬಿಯರನ್ನು ತರುವುದು ಕೂಲಿಗಾರರ ಕೇರಿಯ ನಿತ್ಯವ್ಯವಹಾರ. ಉಪಕ್ರಮದಲ್ಲಿ ಕಾಣುವುದು ಬೀದಿಯಿಂದ ಮನೆಗೆ ಹೋಗುವ ಪಾತ್ರೆ. ಇದಾದೊಡನೆ ಮನೆ: ಪೋಲೀಸಿನ ಉಡುಪಿನ ತಂದೆ, ಒಂದು ಮಾತನ್ನೂ ಆಡದೆ ತೊಗಲಿನ ಪಟ್ಟಿಯನ್ನು ತೆಗೆದುಕೊಂಡು ಮಗನನ್ನು ಹೊಡೆಯುವನು. ಬೀದಿಯಲ್ಲಿ ದಂಡಾಧಿಕಾರವನ್ನು ಹೊತ್ತವನು ಮನೆಯಲ್ಲಿ ಬಲ್ಲ ವಿದ್ಯೆಯೂ ದಂಡವೊಂದೇ. ಮುಂದೆ ಅವನು ಕಥೆಯಿಂದ ಮರೆಯಾಗುವನು. ಮನೆಯಲ್ಲಿ ಉಳಿಯುವವರು ತಾಯಿ, ಹಿರಿಯ ಮಗ ಮೈಕ್, ಕಿರಿಯ ಮಗ ಟಾಮ್.

ಉಪಸಂಹಾರವನ್ನು ನೋಡಿರಿ. ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಟಾಮನನ್ನು ಎದುರು ಗುಂಪಿನವರು ಅಪಹರಿಸಿರುವರು. ಟಾಮನು ಮನೆಗೆ ಬರುತ್ತಿರುವನೆಂದು ದೂರವಾಣಿಯಲ್ಲಿ ಸುದ್ದಿ ಬರುವುದು. ತಾಯಿಯು ಹರ್ಷದಿಂದ ಮಹಡಿಗೆ ಹೋಗಿ ಮಗನ ಹಾಸಿಗೆಯನ್ನು ಸಿದ್ಧಪಡಿಸುವಳು; ಕೆಳಗೆ ಗ್ರಾಮಾಫೋನಿನಲ್ಲಿ ಆ ಕಾಲದ ಜನಪ್ರಿಯ ಗೀತೆಯೊಂದು ತಿರುಗುತ್ತಿರುವುದು. ಬಾಗಿಲು ತಟ್ಟಿದ ಸದ್ದು. ಮೈಕನು ತೆರೆದರೆ, ಹೊದಿಕೆಯಿಂದಲೂ ಹಗ್ಗದಿಂದಲೂ ಬಿಗಿದು ನಿಲ್ಲಿಸಿದ್ದ ಟಾಮನ ಹೆಣವು ಒಂದು ಕ್ಷಣ ಹೊಸ್ತಿಲ ಮೇಲೆ ತೂಗಾಡಿ ಮುಖವಡಿಯಾಗಿ ಮನೆಯೊಳಕ್ಕೆ ಬೀಳುವುದು. ಗೀತೆ ಮುಗಿದು, ತಟ್ಟೆಯ ಮೇಲೆ ಸೂಜಿ ಬರಿದೆ ಕೆರೆಯುವ ಶಬ್ದ ಉಳಿಯುವುದು. ತಾಯಿಯು ಇನ್ನೂ ಮೇಲೆಯೇ ಇರುವಳು. ಅವಳಿಗೆ ವಿಷಯವು ತಿಳಿಯುವುದನ್ನು ಚಿತ್ರವು ತೋರಿಸುವುದಿಲ್ಲ.

ಉಪಕ್ರಮದಲ್ಲಿ ಮನೆಯೊಳಕ್ಕೆ ಬರುವುದು ಬಿಯರಿನ ಪಾತ್ರೆ. ಉಪಸಂಹಾರದಲ್ಲಿ ಬರುವುದು ಹೆಣ. ನಡುವೆ ಇರುವುದು ಅದೇ ಬಾಗಿಲು. ಇಂಥ ಕಥೆಗೆ ಗಲ್ಲುಮರವೋ ಸೆರೆಮನೆಯೋ ಬೀದಿಯ ಚರಂಡಿಯೋ ಸಹಜವಾದ ಕೊನೆ. ಚರಂಡಿಯ ದೃಶ್ಯವು ಇಲ್ಲಿಯೂ ಇದೆ: ಶತ್ರುಗಳ ನೆಲೆಗೆ ಒಬ್ಬನೇ ನುಗ್ಗಿ, ಗುಂಡು ತಿಂದು, ಸುರಿಯುವ ಮಳೆಯಲ್ಲಿ ತತ್ತರಿಸುತ್ತ ಬಂದ ಟಾಮನು, ತಾನೆಣಿಸಿದಷ್ಟು ಗಟ್ಟಿಗನು ತಾನಲ್ಲವೆಂದು ಗೊಣಗಿ ಕುಸಿಯುವನು. ಕಥೆಯನ್ನು ಅಲ್ಲಿಯೇ ಮುಗಿಸಬಹುದಾಗಿದ್ದಿತು. ಮುಗಿಸದೆ ಅವನನ್ನು ಆಸ್ಪತ್ರೆಯ ಮೂಲಕ ತಾಯಿಯ ಮನೆಯವರೆಗೆ ತಂದಿರುವುದರಲ್ಲಿಯೇ ಕರ್ತೃಗಳ ತಾತ್ಪರ್ಯವು ಅಡಗಿದೆ.

೫. ಅಭ್ಯಾಸ

ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳುವುದು ಅಭ್ಯಾಸ. ಈ ಚಿತ್ರದಲ್ಲಿ ಬಂದೂಕಿನ ಕಾಳಗಗಳಿಗಿಂತ ಹೆಚ್ಚು ನಿಯತವಾಗಿ ಮರಳಿ ಬರುವುದು ಟಾಮನು ಮನೆಗೆ ಬರುವುದೂ ಮನೆಯಿಂದ ಹೊರಬೀಳುವುದೂ. ಚಿತ್ರವು ೧೯೦೯, ೧೯೧೫, ೧೯೧೭, ೧೯೨೦ ಎಂದು ವರ್ಷಗಳನ್ನು ಹೇಳುತ್ತ ಮುಂದುವರಿಯುವುದು. ಅವುಗಳಲ್ಲಿ ೧೯೧೭ ಯುದ್ಧದ ವರ್ಷ, ೧೯೨೦ ಪಾನನಿರೋಧದ ವರ್ಷ. ರಾಜ್ಯವು ಮಾಡಿದ ಈ ಎರಡು ಆಜ್ಞೆಗಳೂ ಈ ಮನೆಯೊಳಗೆ ಹೇಗೆ ಇಳಿದುವೆಂಬುದೇ ಮುಂದಿನ ದೃಶ್ಯಗಳ ವಿಷಯ.

ಮೈಕನು ಟ್ರಾಂ ಗಾಡಿಯಲ್ಲಿ ಕಂಡಕ್ಟರನಾಗಿ ದುಡಿಯುತ್ತ ರಾತ್ರಿಯ ಶಾಲೆಯಲ್ಲಿ ಓದುವವನು. ಬಡವನಾಗಿರುವುದನ್ನು ಅವನು ಕಲಿಯುತ್ತಿದ್ದಾನೆಂದು ಟಾಮನು ಹಾಸ್ಯಮಾಡುವನು. ಯುದ್ಧವು ಬಂದಾಗ ಮೈಕನು ಸೇನೆಗೆ ಸೇರುವನು. ಕಳ್ಳತನದ ಮಾತು ಬಂದು ಅಣ್ಣತಮ್ಮಂದಿರಲ್ಲಿ ಜಗಳವಾಗಿ ಪೆಟ್ಟು ಬೀಳುವುದು. ಮೈಕನು ಹೊರಟ ಮೇಲೆ ತಾಯಿಯ ಬಳಿ ಉಳಿಯುವವನು ಟಾಮನೇ.

ಪಾನನಿರೋಧದ ಹಿಂದಿನ ರಾತ್ರಿಯ ದೃಶ್ಯವು ಚಿಕ್ಕದು, ಆದರೆ ಸಾರವತ್ತಾದುದು. ಮದ್ಯದಂಗಡಿಯ ಮುಂದೆ ಜನರು ಮುಗಿಬಿದ್ದಿರುವರು. ಹೂವಿನ ಗಾಡಿಯವನು ಹೂಗಳನ್ನು ಬೀದಿಗೆ ಚೆಲ್ಲಿ ಶೀಸೆಗಳನ್ನು ತುಂಬಿಕೊಳ್ಳುವನು. ದಂಪತಿಗಳು ಕೂಸನ್ನು ಎತ್ತಿಕೊಂಡು, ಕೂಸಿನ ತಳ್ಳುಗಾಡಿಯಲ್ಲಿ ಶೀಸೆಗಳನ್ನು ಮಲಗಿಸಿರುವರು. ಕೊಳ್ಳುವವರಲ್ಲಿ ದುಷ್ಟರೆಂದು ಹೇಳಬಹುದಾದವರು ಯಾರೂ ಇಲ್ಲ, ಎಲ್ಲರೂ ಗೃಹಸ್ಥರೇ. ಗೃಹರಕ್ಷಣೆಯ ಹೆಸರಿನಲ್ಲಿ ಬಂದ ಶಾಸನವನ್ನು ಗೃಹಸ್ಥರು ಎದುರುಗೊಂಡ ರೀತಿಯನ್ನು ಈ ತಳ್ಳುಗಾಡಿಗಿಂತ ಅಡಕವಾಗಿ ಹೇಳುವುದು ಕಷ್ಟ.

ಇನ್ನು ಚಿತ್ರದ ಹೃದಯವೆಂದು ನಾನು ಎಣಿಸುವ ದೃಶ್ಯ. ಮೈಕನು ಯುದ್ಧದಿಂದ ಪದಕಗಳೊಡನೆಯೂ ಬಳಲಿದ ದೇಹಮನಸ್ಸುಗಳೊಡನೆಯೂ ಹಿಂದಿರುಗಿರುವನು. ಮನೆಯಲ್ಲಿ ಸ್ವಾಗತದ ಊಟ. ಟಾಮ್ ಮತ್ತು ಮ್ಯಾಟರು ಬಿಯರಿನ ದೊಡ್ಡ ಪೀಪಾಯಿಯೊಂದನ್ನು ತಂದು ಊಟದ ಮೇಜಿನ ನಟ್ಟನಡುವೆ ಇಟ್ಟಿರುವರು. ಊಟಕ್ಕೆ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾದರೆ ಪೀಪಾಯಿಯ ಪಕ್ಕದಿಂದ ಇಣುಕಬೇಕು. ತಾಯಿಯು ಅದನ್ನು ಬೇಡವೆನ್ನುವುದಿಲ್ಲ. ಮಕ್ಕಳಿಬ್ಬರೂ ಒಂದೇ ಮೇಜಿನಲ್ಲಿ ಕುಳಿತಿರುವುದೇ ಅವಳಿಗೆ ಸಾಕು. ಮೈಕನೊಬ್ಬನು ಮುಟ್ಟುವುದಿಲ್ಲ. ಅದು ಬರಿಯ ಬಿಯರಲ್ಲ, ಮನುಷ್ಯರ ರಕ್ತವೂ ಅದರಲ್ಲಿ ಬೆರೆತಿದೆಯೆಂದು ಕೂಗಿ, ಪೀಪಾಯಿಯನ್ನು ಎತ್ತಿ ಎಸೆಯುವನು. ಆಗ ಟಾಮನು ಶಾಂತವಾಗಿ ಉತ್ತರ ಕೊಡುವನು: ಅಣ್ಣನ ಕೈಗಳೂ ಶುದ್ಧವಲ್ಲ, ಅವನೂ ಕೊಂದಿದ್ದಾನೆ, ಅದರಲ್ಲಿ ಸಂತೋಷವನ್ನೂ ಪಟ್ಟಿದ್ದಾನೆ, ಜರ್ಮನರ ಕೈಹಿಡಿದು ಕುಳಿತುದಕ್ಕಾಗಿ ಯಾರೂ ಪದಕಗಳನ್ನು ಕೊಡುವುದಿಲ್ಲ.

ಈ ಉತ್ತರಕ್ಕೆ ಮೈಕನ ಬಳಿ ಪ್ರತ್ಯುತ್ತರವಿಲ್ಲ. ಚಿತ್ರವೂ ಪ್ರತ್ಯುತ್ತರ ಕೊಡುವುದಿಲ್ಲ. ವಿಹಿತವಾದ ಹಿಂಸೆಯೂ ನಿಷಿದ್ಧವಾದ ಹಿಂಸೆಯೂ ಬೇರೆ ಬೇರೆಯೆಂದು ಶಾಸ್ತ್ರವೂ ರಾಜ್ಯವೂ ಹೇಳುವುವು. ಆ ಭೇದವಿಲ್ಲದೆ ಲೋಕವು ನಡೆಯದು. ಆದರೆ ಆ ಭೇದವನ್ನು ಹೇಳಬಲ್ಲ ಅಧಿಕಾರವು ಈ ಊಟದ ಮೇಜಿನ ಸುತ್ತ ಯಾರಿಗೂ ಇಲ್ಲವಾಗಿದೆ. ತಂದೆ ಇಲ್ಲ. ಅಣ್ಣನ ಮಾತು ತಮ್ಮನಿಗೆ ನಾಟದು. ತಾಯಿಯು ಇಬ್ಬರನ್ನೂ ಸಮನಾಗಿ ಪ್ರೀತಿಸುವಳು. ಮದ್ಯವು ಬಿಯರೋ ರಕ್ತವೋ, ಪದಕವು ಶೌರ್ಯವೋ ಕೊಲೆಯೋ ಎಂಬುದನ್ನು ಹೊರಗಿನ ಶಾಸನವು ಹೊರಗೆ ತೀರ್ಮಾನಿಸಿದ್ದರೂ ಒಳಗೆ ಅದು ತೀರ್ಮಾನವಾಗಿಲ್ಲ.

ಅನಂತರವೂ ಇದೇ ವಿಷಯವು ಮರಳುವುದು. ಟಾಮನು ತಾಯಿಗೆ ಹಣದ ಕಂತೆಯನ್ನು ಕೊಡಲು ಬರುವನು, ಮೈಕನು ತಡೆಯುವನು, ಟಾಮನು ನೋಟುಗಳನ್ನು ಹರಿದು ಎಸೆದು ಹೊರಟುಹೋಗುವನು. ಪೀಪಾಯಿಗೆ ಆದ ಗತಿಯೇ ಹಣಕ್ಕೂ ಆಯಿತು. ಟಾಮನು ಒಲಿದ ಸ್ತ್ರೀಯೊಡನೆ ವಾಸಮಾಡುವ ಬಿಡಾರಗಳು ಮನೆಗಳಾಗುವುದಿಲ್ಲ. ಬೆಳಗಿನ ಉಪಾಹಾರದ ಮೇಜಿನಲ್ಲಿ, ಚಕ್ಕೋತದ ಜಾತಿಯ ಹಣ್ಣಿನ ಹೋಳನ್ನು ಕಿಟ್ಟಿ ಎಂಬವಳ ಮುಖಕ್ಕೆ ಒತ್ತುವ ಪ್ರಸಿದ್ಧ ದೃಶ್ಯವನ್ನು ಜನರು ಕ್ಯಾಗ್ನಿಯ ಕೌಶಲಕ್ಕಾಗಿ ನೆನೆಯುವರು. ಮೇ ಕ್ಲಾರ್ಕ್ ಎಂಬ ನಟಿಯು ಅಲ್ಲಿ ಪಟ್ಟ ಅವಮಾನವನ್ನು ಪ್ರೇಕ್ಷಕರು ನಕ್ಕು ಸ್ವೀಕರಿಸಿದರೆ ಅದು ಪ್ರೇಕ್ಷಕರ ದೋಷ. ಕಥೆಯ ಅನ್ವಯದಲ್ಲಿ ನೋಡಿದರೆ, ತಾಯಿಯ ಮನೆಯ ಮೇಜಿನಿಂದ ಎದ್ದುಬಂದವನು ಬೇರೊಂದು ಮೇಜಿನಲ್ಲಿ ಕುಳಿತುಕೊಳ್ಳಲಾರನೆಂಬುದೇ ಅದರ ಅರ್ಥ.

೬. ಅಪೂರ್ವತೆಯೂ ಫಲವೂ

ಬೇರೆ ಪ್ರಮಾಣಗಳಿಂದ ತಿಳಿಯದುದನ್ನು ತಿಳಿಸುವುದು ಅಪೂರ್ವತೆ. ೧೯೨೪ರ ನವೆಂಬರಿನಲ್ಲಿ ಡೀನ್ ಓಬ್ಯಾನಿಯನ್ ಎಂಬ ಗುಂಪಿನ ಮುಖಂಡನನ್ನು ಅವನ ಹೂವಿನಂಗಡಿಯಲ್ಲಿಯೇ ಕೊಂದುದು, ೧೯೨೯ರ ಫೆಬ್ರವರಿ ೧೪ರಂದು ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಸುಟ್ಟುದು, ಇವೆಲ್ಲವನ್ನೂ ವೃತ್ತಪತ್ರಿಕೆಗಳು ಸವಿಸ್ತಾರವಾಗಿ ವರ್ಣಿಸಿದ್ದುವು. ಇವುಗಳಿಗಾಗಿ ಚಿತ್ರವು ಬೇಕಾಗಿರಲಿಲ್ಲ. ೧೯೩೧ರ ಜನವರಿಯಲ್ಲಿ ಬಂದ ‘ಲಿಟಲ್ ಸೀಸರ್’ ಚಿತ್ರದ ನಾಯಕನಿಗೆ ಹೇಳಿಕೊಳ್ಳಲು ಮನೆಯೇ ಇಲ್ಲ. ೧೯೩೨ರ ‘ಸ್ಕಾರ್‌ಫೇಸ್’ ಚಿತ್ರದಲ್ಲಿ ತಾಯಿಯೂ ತಂಗಿಯೂ ಇದ್ದರೂ, ಅಲ್ಲಿಯ ದುರಂತವು ಅಣ್ಣನಿಗೆ ತಂಗಿಯ ಮೇಲಿನ ಅತಿಯಾದ ಅಭಿಮಾನದಿಂದ ಹುಟ್ಟುವುದು. ಯುದ್ಧದಿಂದ ಬಂದ ಅಣ್ಣನನ್ನೂ ಕಳ್ಳಸಾಗಣೆಯ ತಮ್ಮನನ್ನೂ ಒಂದೇ ಮೇಜಿನಲ್ಲಿ ಎದುರುಬದುರಾಗಿ ಕೂರಿಸಿದುದು ನಮ್ಮ ಚಿತ್ರದ ವಿಶೇಷ.

ಫಲವಿಚಾರದಲ್ಲಿ ಒಂದು ಸಂಗತಿಯು ಕಣ್ಣಿಗೆ ಬೀಳುವುದು. ಟಾಮನು ಇಷ್ಟೆಲ್ಲ ಅಪರಾಧಗಳನ್ನು ಮಾಡಿದರೂ ಒಮ್ಮೆಯಾದರೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವುದಿಲ್ಲ. ಅವನನ್ನು ಶಾಸನವು ಶಿಕ್ಷಿಸುವುದಿಲ್ಲ, ಅವನಂಥವರೇ ಕೊಲ್ಲುವರು. ಹೀಗೆ ಪಾನನಿರೋಧ ಶಾಸನವು ಈ ಕಥೆಯಲ್ಲಿ ಅವನಿಗೆ ಜೀವನೋಪಾಯವನ್ನು ಒದಗಿಸುವುದೇ ಹೊರತು ಬೇರೆ ಫಲವನ್ನು ಕೊಡುವುದಿಲ್ಲ. ಫಲವನ್ನು ಅನುಭವಿಸುವುದು ಮನೆಯೊಂದೇ.

ನಾಟ್ಯಶಾಸ್ತ್ರವನ್ನು ಓದಿಸುವ ಉಪಾಧ್ಯಾಯರಿಗೆ ಇನ್ನೊಂದು ಸಂಗತಿಯು ರುಚಿಸಬಹುದು. ವಧೆಯನ್ನು ರಂಗದ ಮೇಲೆ ತೋರಿಸಬಾರದೆಂಬುದು ನಮ್ಮ ಲಕ್ಷಣಕಾರರ ಮತ. ಈ ಚಿತ್ರದಲ್ಲಿಯೂ ಮುಖ್ಯವಾದ ಕೊಲೆಗಳಲ್ಲಿ ಹೆಚ್ಚಿನವು ಕಣ್ಣಿಗೆ ಮರೆಯಾಗಿಯೇ ನಡೆಯುವುವು. ಬಾಲ್ಯದಲ್ಲಿ ತನಗೆ ಕಳ್ಳತನವನ್ನು ಕಲಿಸಿದ ಪಟ್ಟಿ ನೋಸ್ ಎಂಬವನನ್ನು ಟಾಮನು ಕೊಲ್ಲುವಾಗ ನಮಗೆ ಕಾಣುವುದು ಬಾಗಿಲ ಬಳಿ ನಿಂತ ಮ್ಯಾಟನ ಮುಖ; ಕೇಳುವುದು ಪಿಯಾನೋದ ಸ್ವರ ಕೆಟ್ಟು ನಿಲ್ಲುವ ಸದ್ದು. ಕಡೆಯ ಕಾಳಗದಲ್ಲಿಯೂ ನಾವು ಹೊರಗೆ ಮಳೆಯಲ್ಲಿ ನಿಂತು ಒಳಗಿನ ಗುಂಡಿನ ಸದ್ದನ್ನು ಕೇಳುವೆವು. ೧೯೨೭ರ ‘ದಿ ಜಾಸ್ ಸಿಂಗರ್’ ಚಿತ್ರದಿಂದೀಚೆಗೆ ಮಾತು ಕಲಿತಿದ್ದ ಹಾಲಿವುಡ್ಡು ನಾಲ್ಕೇ ವರ್ಷಗಳಲ್ಲಿ ಧ್ವನಿಯನ್ನು ಇಷ್ಟು ಸಂಯಮದಿಂದ ಬಳಸಿತೆಂಬುದು ಗಮನಾರ್ಹ. ಆದರೆ ಹೆಣವು ಮನೆಯೊಳಕ್ಕೆ ಬೀಳುವುದನ್ನು ಮಾತ್ರ ಚಿತ್ರವು ಮರೆಮಾಡುವುದಿಲ್ಲ. ಹೊರಗಿನ ಕೊಲೆಗಳಲ್ಲಿ ಹೆಚ್ಚಿನವನ್ನು ಮುಚ್ಚಿ, ಹೊಸ್ತಿಲ ಮೇಲಿನ ಸಾವನ್ನು ತೆರೆದು ತೋರಿಸಿದೆ.

೭. ಅರ್ಥವಾದವೂ ಉಪಪತ್ತಿಯೂ

ಈಗ ಬದಿಗಿಟ್ಟಿದ್ದ ಹಲಗೆಗಳಿಗೆ ಬರೋಣ. ಅವು ಅಪರಾಧವನ್ನು ನಿಂದಿಸುವ ಅರ್ಥವಾದಗಳು. ಅರ್ಥವಾದವು ಪ್ರಧಾನ ವಾಕ್ಯದೊಡನೆ ಏಕವಾಕ್ಯತೆಯನ್ನು ಪಡೆದರೆ ಪ್ರಮಾಣ. ಅದಕ್ಕೆ ವಿರುದ್ಧವಾದಲ್ಲಿ ತನ್ನಷ್ಟಕ್ಕೆ ತಾನು ನಿಲ್ಲಲಾರದು. ಟಾಮನ ಅಂತ್ಯವೇ ಇಂಥವರೆಲ್ಲರ ಅಂತ್ಯವೆಂದು ಹಲಗೆ ಹೇಳುವುದಷ್ಟೆ. ಆದರೆ ಚಿತ್ರವೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುವುದು. ಟಾಮನಿಗೆ ದಾರಿ ತೋರಿಸಿದ ಪಾನಗೃಹದ ಒಡೆಯ ಪ್ಯಾಡಿ ರಯನ್ ಬದುಕಿಯೇ ಇರುವನು. ಟಾಮನನ್ನು ಬಿಟ್ಟರೆ ತಾನು ಈ ವ್ಯಾಪಾರವನ್ನೇ ತೊರೆಯುವೆನೆಂದು ಶತ್ರುವಿಗೆ ಮಾತು ಕೊಡುವವನೂ ಅವನೇ. ಆ ಶತ್ರುವಾದ ಸ್ಕೀಮರ್ ಬರ್ನ್ಸ್ ಬದುಕಿರುವನು. ನೀತಿಯ ಮಾತುಗಳನ್ನಾಡುತ್ತ, ಜನರಿಗೆ ಒಳ್ಳೆಯ ಬಿಯರನ್ನು ಒದಗಿಸುವುದೇ ತನ್ನ ಉದ್ದೇಶವೆಂದು ಹೇಳಿ ಗುಂಪಿನೊಡನೆ ಪಾಲುಗಾರನಾಗುವ ಕಾರ್ಖಾನೆಯ ಸಂಭಾವಿತ ಒಡೆಯನಿಗೂ ಯಾವ ಕೇಡೂ ಬರುವುದಿಲ್ಲ. ಆದುದರಿಂದ ಹಲಗೆಯ ಮಾತು ಆಕ್ಷೇಪಕರನ್ನು ಸಮಾಧಾನಪಡಿಸಲು ಹೇಳಿದ್ದೇ ಹೊರತು ಚಿತ್ರದ ಸಿದ್ಧಾಂತವಲ್ಲ. ಲೋಕಶತ್ರುವು ಒಬ್ಬ ಮನುಷ್ಯನಲ್ಲವೆಂಬ ಉತ್ತರಾರ್ಧವನ್ನು ಮಾತ್ರ ಚಿತ್ರವು ಸಮರ್ಥಿಸುವುದು.

ಉಳಿದುದು ಉಪಪತ್ತಿ. ಚರಿತ್ರೆಯು ಈ ಅರ್ಥವನ್ನು ಒಪ್ಪುವುದೇ? ಸಂಭಾವಿತ ಒಡೆಯನ ಪಾತ್ರವು ಕಲ್ಪನೆಯಾದರೂ ಅಸಂಭವವಲ್ಲ. ಅರ್ಧಭಾಗಕ್ಕಿಂತ ಕಡಿಮೆ ಮದ್ಯಸಾರದ ಬಿಯರನ್ನು ತಯಾರಿಸಲು ಶಾಸನವು ಕಾರ್ಖಾನೆಗಳಿಗೆ ಅವಕಾಶವಿತ್ತಿದ್ದುದರಿಂದ, ಅದರ ಮರೆಯಲ್ಲಿ ನಿಜವಾದ ಬಿಯರನ್ನೂ ಮಾಡುವುದು ಸುಲಭವಾಗಿದ್ದಿತು. ೧೯೨೪ರ ಮೇ ತಿಂಗಳಲ್ಲಿ ಷಿಕಾಗೋದ ಸೀಬೆನ್ ಕಾರ್ಖಾನೆಯ ಮೇಲೆ ಪೋಲೀಸರು ಬಿದ್ದಾಗ ಜಾನ್ ಟೊರಿಯೋ ಎಂಬ ಗುಂಪಿನ ನಾಯಕನೇ ಅಲ್ಲಿ ಸಿಕ್ಕಿಬಿದ್ದನು. ನ್ಯಾಯವಾದ ಕಟ್ಟಡದೊಳಗೆ ನಿಷಿದ್ಧವಾದ ವ್ಯವಹಾರವೆಂಬುದು ಆ ಕಾಲದ ಸಾಮಾನ್ಯ ಲಕ್ಷಣ.

ಇದಕ್ಕಿಂತ ಬಲವಾದ ಉಪಪತ್ತಿಯೊಂದಿದೆ. ಚಿತ್ರದಲ್ಲಿ ನೈಲ್ಸ್ ನೇಥನ್ ಎಂಬ ನಾಯಕನು ಕುದುರೆಯಿಂದ ಬಿದ್ದು ಸಾಯುವನು; ಟಾಮ್ ಮತ್ತು ಮ್ಯಾಟರು ಆ ಕುದುರೆಯನ್ನೇ ಗುಂಡಿಟ್ಟು ಕೊಲ್ಲುವರು. ಇದಕ್ಕೆ ಮೂಲಪುರುಷನು ಷಿಕಾಗೋದ ಸಾಮ್ಯುಯೆಲ್ ಮಾರ್ಟನ್ ಎಂಬವನು. ಅವನಿಗೂ ‘ನೈಲ್ಸ್’ ಎಂದೇ ಅಡ್ಡಹೆಸರು; ಅವನೂ ೧೯೨೩ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದು ಸತ್ತನು. ಅವನ ಗೆಳೆಯರು ಕುದುರೆಯನ್ನು ಕೊಂದರೆಂಬುದು ಐತಿಹ್ಯ. ಈ ಮಾರ್ಟನ್ನನು ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಹೋರಾಡಿ ಫ್ರೆಂಚ್ ಸರ್ಕಾರದಿಂದ ಶೌರ್ಯಪದಕವನ್ನು ಪಡೆದಿದ್ದವನು. ಅಂದರೆ ಚರಿತ್ರೆಯಲ್ಲಿ ಪದಕದ ಯೋಧನೂ ಕಳ್ಳಸಾಗಣೆಯ ನಾಯಕನೂ ಒಬ್ಬನೇ. ಚಿತ್ರದಲ್ಲಿ ಪದಕವು ಅಣ್ಣನ ಎದೆಗೂ ಪೀಪಾಯಿಯು ತಮ್ಮನ ಕೈಗೂ ಹಂಚಿಹೋಗಿವೆ. ಊಟದ ಮೇಜಿನಲ್ಲಿ ಟಾಮನು ಆಡಿದ ಮಾತು ಎಷ್ಟರಮಟ್ಟಿಗೆ ಚರಿತ್ರೆಯ ಮಾತೆಂಬುದು ಇದರಿಂದ ಸ್ಪಷ್ಟವಾಗುವುದು.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯಕ. ಈ ಚಿತ್ರವನ್ನು ಮುಂದಿಟ್ಟುಕೊಂಡು ಪಾನನಿರೋಧವು ಸರ್ವಥಾ ವಿಫಲವೆಂದು ತೀರ್ಪುಕೊಡುವುದು ಸರಿಯಲ್ಲ. ಮೊದಲ ವರ್ಷಗಳಲ್ಲಿ ಕುಡಿತವು ಗಣನೀಯವಾಗಿ ಇಳಿಯಿತೆಂದು ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞರು ಹೇಳುವರು. ಗಂಡನ ಕೂಲಿಯು ಮನೆಗೆ ಬಂದು ಸೇರಿದ ಸಂಸಾರಗಳೂ ಇದ್ದಿರಲೇಬೇಕು. ಅವುಗಳ ಕಥೆಯನ್ನು ಯಾವ ವಾಕ್ಚಿತ್ರವೂ ಹೇಳಲು ಹೋಗಲಿಲ್ಲ. ನಮ್ಮ ಚಿತ್ರವು ಒಂದು ಬಗೆಯ ಮನೆಗೆ ಸಾಕ್ಷಿಯೇ ಹೊರತು ಎಲ್ಲ ಮನೆಗಳಿಗೂ ಅಲ್ಲ.

೮. ನಿರ್ಣಯ

ಆರು ಲಿಂಗಗಳೂ ಒಂದೇ ಕಡೆಗೆ ಕೈತೋರಿಸುವುವು. ‘ದಿ ಪಬ್ಲಿಕ್ ಎನಿಮಿ’ಯ ತಾತ್ಪರ್ಯವು ಬೀದಿಯ ಕಾಳಗದಲ್ಲಿಯೂ ಇಲ್ಲ, ಹಲಗೆಯ ನೀತಿಯಲ್ಲಿಯೂ ಇಲ್ಲ, ಮನೆಯ ಹೊಸ್ತಿಲಿನಲ್ಲಿದೆ. ಮನೆಯನ್ನು ಕಾಯಲು ಬಂದ ಶಾಸನವು ಹೊಸ್ತಿಲಿನಲ್ಲಿ ನಿಂತಿತು. ಅದು ದಾಟದ ಹೊಸ್ತಿಲನ್ನು ಅದರಿಂದಲೇ ಹುಟ್ಟಿದ ವ್ಯಾಪಾರವು ದಾಟಿತು. ಒಳಗಿದ್ದವರಿಗೆ ಇದು ಸರಿ ಇದು ತಪ್ಪು ಎಂದು ಹೇಳಿಕೊಡುವ ದನಿಯೇ ಇಲ್ಲವಾಯಿತು. ಚಿತ್ರದ ನಿಜವಾದ ಸಾಕ್ಷ್ಯವು ಇದು.

ಈ ಅರ್ಥವನ್ನು ಮುಂದಿನ ಚರಿತ್ರೆಯೂ ಬೆಂಬಲಿಸುವುದು. ೧೯೨೯ರಲ್ಲಿ ಪಾಲಿನ್ ಸೇಬಿನ್ ಎಂಬಾಕೆಯು ಪಾನನಿರೋಧದ ಸುಧಾರಣೆಗಾಗಿ ಮಹಿಳೆಯರ ಸಂಘವೊಂದನ್ನು ಸ್ಥಾಪಿಸಿ, ಈ ಶಾಸನದಿಂದ ಮಕ್ಕಳು ಕೆಡುತ್ತಿರುವರು, ಆದುದರಿಂದ ಮನೆಯ ಹಿತಕ್ಕಾಗಿಯೇ ಇದನ್ನು ತೆಗೆಯಬೇಕೆಂದು ವಾದಿಸಿದಳು. ಕಟ್ಟಳೆಯನ್ನು ತಂದವರೂ ಮನೆಯ ಹೆಸರನ್ನೇ ಹೇಳಿದರು, ತೆಗೆದವರೂ ಮನೆಯ ಹೆಸರನ್ನೇ ಹೇಳಿದರು. ೧೯೩೩ರ ಡಿಸೆಂಬರ್ ೫ರಂದು ೨೧ನೆಯ ತಿದ್ದುಪಡಿಯಿಂದ ಆ ಶಾಸನವು ರದ್ದಾಯಿತು. ಸಂವಿಧಾನದ ತಿದ್ದುಪಡಿಯೊಂದನ್ನು ಮತ್ತೊಂದು ತಿದ್ದುಪಡಿಯು ಅಳಿಸಿದ್ದು ಅಮೆರಿಕದಲ್ಲಿ ಅದೊಂದೇ ಸಲ.

ಎರಡು ಪಕ್ಷದವರ ವಾದಗಳೂ ಗ್ರಂಥಗಳಲ್ಲಿ ದೊರೆಯುವುವು. ಆದರೆ ಮೇಜಿನ ನಡುವೆ ಪೀಪಾಯಿಯನ್ನಿಟ್ಟುಕೊಂಡು ಮಕ್ಕಳ ಮುಖವನ್ನು ಇಣುಕಿ ನೋಡುವ, ಕಡೆಗೆ ಮಹಡಿಯ ಮೇಲೆ ಹಾಸಿಗೆ ಹಾಸುತ್ತಿರುವ ಆ ತಾಯಿಯ ಮಾತು ಯಾವ ವರದಿಯಲ್ಲಿಯೂ ದಾಖಲಾಗಿಲ್ಲ. ಅಂಥವರಿಗಾಗಿ ಚರಿತ್ರಕಾರನು ಚಲಚ್ಚಿತ್ರದ ಬಾಗಿಲನ್ನೂ ತಟ್ಟಬೇಕಾಗುವುದು. ಈ ನಿರ್ಣಯದಲ್ಲಿ ಪ್ರಮಾದವಿದ್ದರೆ ವಿದ್ವಾಂಸರು ತೋರಿಸಿಕೊಟ್ಟು ತಿದ್ದಬೇಕೆಂದು ಬೇಡುತ್ತೇನೆ.